ಅಟ್ಟದಲ್ಲಿ ಸಿಕ್ಕ ಆಕ್ಷನ್‌ಗೆ ಹೊಸ ನಳಿಕೆ ಕೂರಿಸಬಹುದೇ?

ಪ್ರಶ್ನೆ: ಹಳೆಯ ಮನೆ ಕೆಡವುವಾಗ ಅಟ್ಟದಲ್ಲಿ ಅಜ್ಜನ ಕಾಲದ ಕೋವಿಯ ಆಕ್ಷನ್ (ತೋಟಾ ತುಂಬಿ ಹಾರಿಸುವ ನಡುವಿನ ಲೋಹದ ಯಂತ್ರಭಾಗ) ಸಿಕ್ಕಿದೆ. ನಳಿಕೆಯೂ ಇಲ್ಲ, ಮರದ ಹಿಡಿಯೂ ಇಲ್ಲ. ಅಡಿಯ ಲಿವರ್ ಎಳೆದರೆ ಒಳಗಿನ ಬ್ಲಾಕ್ (ತೋಟಾದ ಹಿಂಬದಿ ಮುಚ್ಚುವ ಲೋಹದ ತುಂಡು) ಇನ್ನೂ ಇಳಿಯುತ್ತದೆ. ದಾವಣಗೆರೆಯ ಲೇತ್ ಕೆಲಸದವರೊಬ್ಬರು ನಳಿಕೆ ಕೂರಿಸಿಕೊಡುತ್ತೇನೆ ಎಂದಿದ್ದಾರೆ. ಅಡಿಕೆ ತೋಟಕ್ಕೆ ಹಂದಿ ಕಾಟ. ಒಂದೇ ಗುಂಡಿನ ರೈಫಲ್ ಮಾಡಿಸಿಕೊಳ್ಳಬಹುದೇ?
– ಓದುಗರು, ಹೊಳಲ್ಕೆರೆ ತಾಲ್ಲೂಕು

ಉತ್ತರ: ಬೇಡ. ಲೇತ್‌ನವರಿಗೂ ಇವತ್ತೇ ಬೇಡವೆಂದು ಹೇಳಿಬಿಡಿ.

ನಿಮ್ಮ ವಿವರಣೆ ನೋಡಿದರೆ ಅದು ಮಾರ್ಟಿನಿ ಮಾದರಿಯದಿರಬೇಕು. ಬ್ರಿಟಿಷ್ ಸೇನೆ 1871ರಲ್ಲಿ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿ ರೈಫಲ್‌ನ ಏರ್ಪಾಡು ಇದೇ: ಬ್ಲಾಕ್ ಹಿಂತುದಿಯ ಪಿನ್ನಿನ ಮೇಲೆ ತೂಗುತ್ತದೆ, ಲಿವರ್ ಎಳೆದರೆ ಮುಂತುದಿ ಕೆಳಗಿಳಿದು ತೋಟಾ ಹಾಕಲು ದಾರಿಯಾಗುತ್ತದೆ. ಸೊಗಸಾದ ಕೆಲಸ, ನನಗೂ ಇಷ್ಟ. ಆದರೆ ಆ ಕಾಲದ ಉಕ್ಕು ಕರಿಮದ್ದಿನ ಒತ್ತಡಕ್ಕೆ ಲೆಕ್ಕ ಹಾಕಿದ್ದು. ಇಂದಿನ ಹೊಗೆರಹಿತ ಮದ್ದಿನ ಒತ್ತಡ ಅದಕ್ಕಿಂತ ಬಹಳ ಹೆಚ್ಚು. ಬ್ಲಾಕಿನ ಮುಂಬದಿಗೆ ಟಾರ್ಚ್ ಹಿಡಿದು ನೋಡಿ. ತೋಟಾದ ತಳಕ್ಕೆ ಬಡಿದು ಮದ್ದು ಹೊತ್ತಿಸುವ ಸೂಜಿ ಹೊರಬರುವ ರಂಧ್ರದ ಸುತ್ತ ಸಿಡುಬಿನ ಕಲೆಯಂತೆ ಗುಳಿಗಳಿದ್ದರೆ, ಹಿಂದೆ ಅಲ್ಲಿ ಬಿಸಿ ಅನಿಲ ಸೋರಿ ಲೋಹ ತಿಂದಿದೆ ಎಂದು ತಿಳಿಯಿರಿ. ಪಿನ್ ಸವೆದಿದ್ದರೆ ಬ್ಲಾಕಿಗೂ ತೋಟಾದ ತಳಕ್ಕೂ ನಡುವೆ ಸಂದು ಉಳಿಯುತ್ತದೆ. ಹಿತ್ತಾಳೆಯ ಕವಚ ಆ ಸಂದಿನಲ್ಲಿ ಹಿಗ್ಗಿ ಹರಿದರೆ ಅನಿಲ ನುಗ್ಗುವುದು ಗುಂಡು ಹಾರಿಸುವವರ ಮುಖದತ್ತ. ಪಂಪ್‌ಸೆಟ್ಟಿನ ಶಾಫ್ಟ್ ತಿರುವುವ ಕೈ ಎಷ್ಟೇ ಪಳಗಿರಲಿ, ಇದು ಬೇರೆಯದೇ ವಿದ್ಯೆ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿಯ ಬಿಡಿಭಾಗವೂ ಕೋವಿಯೇ. ‘ಹಳೆಯ ಕಾಲದ್ದು, ಕೆಟ್ಟು ನಿಂತಿದೆ’ ಎಂಬ ವಿನಾಯಿತಿ 45ನೇ ಸೆಕ್ಷನ್‌ನಲ್ಲಿ ಇದೆ, ನಿಜ. ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ವಸ್ತುವಿಗೆ ಮಾತ್ರ ಅದು. ನೀವು ಕೇಳುತ್ತಿರುವುದೇ ರಿಪೇರಿಯ ಬಗ್ಗೆ! ಪರವಾನಗಿ ಇಲ್ಲದೆ ಕೋವಿ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಕೊಡವರಿಗೆ ಇರುವ ವಿನಾಯಿತಿಯನ್ನು ತೋರಿಸಿ ಕೆಲವರು ವಾದಿಸುತ್ತಾರೆ. ಅದು ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ಮಾತು, ಮನೆಯಲ್ಲಿ ಕೋವಿ ಕಟ್ಟುವ ಮಾತಲ್ಲ.

ಹಂದಿಯ ವಿಷಯಕ್ಕೆ ಬಂದರೆ, ಬೆಳೆ ರಕ್ಷಣೆಗೆ ಕೋವಿ ಪರವಾನಗಿ ಬೇಕಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. ಅದು ಕೈಗೆ ಬಂದರೂ ಹಂದಿ ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ನನ್ನನ್ನು ಕೇಳಿದರೆ ಮೊದಲು ಸೋಲಾರ್ ಬೇಲಿ ಹಾಕಿಸಿ.

ಆಕ್ಷನ್ ಅನ್ನು ಬಚ್ಚಿಡಬೇಡಿ, ಗುಜರಿಗೂ ಹಾಕಬೇಡಿ. ವಕೀಲರೊಬ್ಬರಿಗೆ ತಿಳಿಸಿ, ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ. ಅಜ್ಜನ ಹೆಸರಿನ ಹಳೆಯ ಪರವಾನಗಿ ಪುಸ್ತಕ ಪೆಟ್ಟಿಗೆಯಲ್ಲಿದ್ದರೆ ಅದನ್ನೂ ಕೊಂಡೊಯ್ಯಿರಿ. ಕೊಡುವ ಮುನ್ನ ಬಲಬದಿಯನ್ನು ಒಣಬಟ್ಟೆಯಿಂದ ಒರೆಸಿ ನೋಡಿ. ಸೇನೆಯ ಮಾರ್ಟಿನಿಯಾಗಿದ್ದರೆ ಅಲ್ಲಿ ಕಿರೀಟ, ‘ವಿ.ಆರ್.’ ಎಂಬ ವಿಕ್ಟೋರಿಯಾ ರಾಣಿಯ ಮುದ್ರೆ, ತಯಾರಾದ ವರ್ಷ ಕಾಣಬೇಕು. ಅವುಗಳನ್ನು ರಸೀದಿಯಲ್ಲೂ ಬರೆಸಿಕೊಳ್ಳಿ.