ಸೇನೆ ಕೊಟ್ಟ ಸರ್ಟಿಫಿಕೇಟು, ಲಾ ಕಾಲೇಜಿನ ಅರ್ಜಿ

ನನ್ನ ಹತ್ತಿರ ಸಲಹೆ ಕೇಳಲು ಬಂದವರು: ನಿವೃತ್ತ ಹವಾಲ್ದಾರ್, ವಯಸ್ಸು 40. ಜೊತೆಗೆ ಹೆಂಡತಿ. ಓದು ಎಸ್ಸೆಸ್ಸೆಲ್ಸಿ, ಸೇನೆಯಲ್ಲಿ 20 ವರ್ಷ. ಈಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಕೇಳಿದ್ದು ಒಂದೇ ಪ್ರಶ್ನೆ. ‘ಮೇಡಂ, ನನ್ನ ಹತ್ರ ಆರ್ಮಿಯ ಗ್ರ್ಯಾಜುಯೇಷನ್ ಸರ್ಟಿಫಿಕೇಟ್ ಇದೆ. ಮೂರು ವರ್ಷದ ಎಲ್‌ಎಲ್‌ಬಿಗೆ ಸೇರ್ಕೋಬಹುದಾ?’

ಸೀಟು ಕೊಡಿಸುವ ಒಬ್ಬರು ‘ಧಾರಾಳವಾಗಿ’ ಅಂದಿದ್ದರಂತೆ. ಮುಂಗಡ ದುಡ್ಡನ್ನೂ ಕೇಳಿದ್ದರು. ಇವರು ಕೊಡಲು ತಯಾರಾಗಿದ್ದರು. ತಡೆದದ್ದು ಹೆಂಡತಿ. ಆಕೆ ಅರ್ಜಿ ತುಂಬಲು ಕೂತಾಗ ಡಿಗ್ರಿ ಕೊಟ್ಟ ವಿಶ್ವವಿದ್ಯಾಲಯ ಯಾವುದು, ರಿಜಿಸ್ಟರ್ ನಂಬರ್ ಎಷ್ಟು, ಶೇಕಡಾ ಎಷ್ಟು ಅಂಕ ಅಂತ ಮೂರು ಖಾನೆ ಬಂದವು. ಮೂರಕ್ಕೂ ಬರೆಯಲು ಏನೂ ಇರಲಿಲ್ಲ. ‘ಇವ್ರು ಪಾಸಾಗಿದ್ರೆ ಮಾರ್ಕ್ಸ್ ಕಾರ್ಡ್ ಎಲ್ಲಿ ಅಂತ ಕೇಳ್ದೆ, ಅಷ್ಟಕ್ಕೇ ಸಿಟ್ಟು ಬಂತು’ ಎಂದರು ಆಕೆ. ಹವಾಲ್ದಾರರು ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

ಲ್ಯಾಮಿನೇಟ್ ಮಾಡಿಸಿದ ಆ ಹಾಳೆ ನೋಡಿದೆ. ಸೇನೆಯ ರೆಕಾರ್ಡ್ ಆಫೀಸಿನ ಮೊಹರು, ಸಹಿ ಎಲ್ಲ ಸರಿಯಾಗಿದೆ. ನಕಲಿ ಅಲ್ಲವೇ ಅಲ್ಲ. ಆದರೆ ಅದು ಡಿಗ್ರಿಯೂ ಅಲ್ಲ. ಮಾಜಿ ಸೈನಿಕರನ್ನು ಕೇಂದ್ರ ಸರ್ಕಾರದ ಕೆಲಸಕ್ಕೆ ತೆಗೆದುಕೊಳ್ಳುವ 1979ರ ನಿಯಮಗಳಲ್ಲಿ ಒಂದು ಸೌಲಭ್ಯ ಇದೆ. ಹತ್ತನೇ ತರಗತಿ ಪಾಸಾಗಿ, ಕನಿಷ್ಠ 15 ವರ್ಷ ಸೇವೆ ಮಾಡಿದವರನ್ನು ಡಿಗ್ರಿ ಕೇಳುವ ಗ್ರೂಪ್ ‘ಸಿ’ (ಗುಮಾಸ್ತರಂಥ) ಹುದ್ದೆಗೂ ಪರಿಗಣಿಸಬಹುದು. ಅದೂ ಮಾಜಿ ಸೈನಿಕರಿಗೆ ಮೀಸಲಿಟ್ಟ ಹುದ್ದೆಗೆ ಮಾತ್ರ. ತಾಂತ್ರಿಕ ಅನುಭವ ಕಡ್ಡಾಯವಾಗಿರುವ ಹುದ್ದೆಗೆ ಈ ಸೌಲಭ್ಯ ಇಲ್ಲ. ಈ ಸರ್ಟಿಫಿಕೇಟಿನ ಬಲ ಇಂಥ ನೌಕರಿಗಳಿಗೇ ಮುಗಿಯುತ್ತದೆ. ಇದನ್ನು ಹಿಡಿದು ಲಾ ಕಾಲೇಜಿಗೆ ಹೋಗುವುದು ರೇಷನ್ ಕಾರ್ಡ್ ತೋರಿಸಿ ರೈಲು ಹತ್ತಿದ ಹಾಗೆ. ಕಾರ್ಡ್ ಅಸಲಿಯೇ, ಟಿಕೆಟ್ ಮಾತ್ರ ಅಲ್ಲ.

ಯಾವುದೋ ಕಾಲೇಜು ಕಣ್ಣುಮುಚ್ಚಿ ಸೇರಿಸಿಕೊಂಡರೂ ವಿಶ್ವವಿದ್ಯಾಲಯದವರು ಅರ್ಹತೆ ಪರಿಶೀಲಿಸುವಾಗ ಸಿಕ್ಕಿಬೀಳುತ್ತದೆ. ಅಲ್ಲೂ ದಾಟಿದರೆ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ನೋಂದಣಿಯಲ್ಲಿ ಸಿಕ್ಕಿಬೀಳುತ್ತದೆ. ಅಷ್ಟು ಹೊತ್ತಿಗೆ ಮೂರು ವರ್ಷದ ಫೀಸೂ ಹೋಗಿರುತ್ತದೆ, ಮೂರು ವರ್ಷವೂ ಹೋಗಿರುತ್ತದೆ.

ಇದನ್ನೆಲ್ಲ ಹೇಳಿದಾಗ ಅವರು ವಾದ ಮಾಡಲಿಲ್ಲ. ಚೀಲದಿಂದ ಸೇವೆಯ ವಿವರವಿರುವ ಡಿಸ್ಚಾರ್ಜ್ ಬುಕ್ ತೆಗೆದು ನನ್ನ ಮುಂದೆ ಸರಿಸಿದರು. ಅವರದು ಎಂಜಿನಿಯರ್ ರೆಜಿಮೆಂಟ್. ಡೋಜರ್, ಎಕ್ಸ್‌ಕವೇಟರ್ ಓಡಿಸುವ ಟ್ರೇಡ್. ಮಾಡಿದ ಕೋರ್ಸುಗಳೆಲ್ಲ ಬೇರೆ ಬೇರೆ ಶಾಯಿಯಲ್ಲಿ ಒಂದರ ಕೆಳಗೊಂದು ದಾಖಲಾಗಿವೆ. ಕೊನೆಯ ವರ್ಷಗಳಲ್ಲಿ ಹೊಸ ಹುಡುಗರಿಗೆ ಇವರೇ ಕಲಿಸಿದ್ದಾರೆ. ‘ಇಷ್ಟೆಲ್ಲ ಕಲ್ತಿದ್ದಕ್ಕೆ ಕಾಲೇಜಿನವರು ಒಂದು ಸೆಮಿಸ್ಟರ್ ಕೂಡ ಬಿಡಲ್ವಾ ಮೇಡಂ?’

ನ್ಯಾಯವಾದ ಪ್ರಶ್ನೆ. ಅಮೆರಿಕದಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಅನ್ನುವ ಸಂಸ್ಥೆ 1945ರಿಂದಲೂ ಸೇನೆಯ ಕೋರ್ಸುಗಳನ್ನು ಪರಿಶೀಲಿಸಿ ಯಾವುದಕ್ಕೆ ಎಷ್ಟು ಕ್ರೆಡಿಟ್ (ಡಿಗ್ರಿಗೆ ಲೆಕ್ಕ ಹಿಡಿಯುವ ಕಲಿಕೆಯ ಅಳತೆ) ಕೊಡಬಹುದು ಅಂತ ಶಿಫಾರಸು ಮಾಡುತ್ತದೆ. ಒಪ್ಪುವುದು ಬಿಡುವುದು ಕಾಲೇಜಿಗೆ ಬಿಟ್ಟದ್ದು. ಅಲ್ಲೂ ಎಷ್ಟೋ ಜನರಿಗೆ ಕ್ರೆಡಿಟ್ ಸಿಗುತ್ತದೆ, ಆದರೆ ಬೇಕಾದ ವಿಷಯದಲ್ಲಿ ಸಿಗುವುದಿಲ್ಲ. ಆದರೂ ಕೇಳಲು ಒಂದು ಬಾಗಿಲು ಅಂತ ಇದೆ.

ನಮ್ಮಲ್ಲಿ ಆ ಬಾಗಿಲು ಈಗಷ್ಟೇ ತೆರೆಯುತ್ತಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 40 ಕ್ರೆಡಿಟ್ ಎಂಬ ಲೆಕ್ಕ ಇದೆ. ಕೌಶಲ ತರಬೇತಿಗೂ ಕೆಲಸದ ಅನುಭವಕ್ಕೂ ಕ್ರೆಡಿಟ್ ಕೊಡಬಹುದು ಅಂತಲೂ ಅದು ಹೇಳುತ್ತದೆ. ಆದರೆ ಚೌಕಟ್ಟು ಇದ್ದರೆ ಸಾಲದು, ನಿಮ್ಮ ಡಿಸ್ಚಾರ್ಜ್ ಬುಕ್ ಬಿಡಿಸಿ ನೋಡಿ ‘ಇದಕ್ಕಿಷ್ಟು’ ಅನ್ನುವ ಕಾಲೇಜೂ ಬೇಕಲ್ಲ. ಇದು ನಿಜವಾಗಿ ಜಾರಿಯಲ್ಲಿರುವುದು ನಾಲ್ಕು ವರ್ಷಕ್ಕೆ ಅಂತ ಸೇನೆಗೆ ಸೇರುವ ಅಗ್ನಿವೀರರಿಗೆ. ಅವರಿಗಾಗಿ 2022ರಲ್ಲಿ ಪ್ರಕಟವಾದ ಇಗ್ನೊ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಡಿಗ್ರಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಸೇನೆಯ ತರಬೇತಿಯಿಂದಲೇ ಬರುತ್ತದೆ. ಉಳಿದರ್ಧ ಭಾಷೆ, ಇತಿಹಾಸ, ಅರ್ಥಶಾಸ್ತ್ರದಂಥ ವಿಷಯ ಓದಿ ಪಡೆಯಬೇಕು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರು ಮುಗಿಸಿದರೆ ಡಿಗ್ರಿ.

ನಾಲ್ಕು ವರ್ಷ ಇದ್ದ ಹುಡುಗನಿಗೆ ಅರ್ಧ ಡಿಗ್ರಿ, 20 ವರ್ಷ ಇದ್ದವರಿಗೆ ಸೊನ್ನೆ. ನನಗಂತೂ ಇದು ಸರಿ ಕಾಣುವುದಿಲ್ಲ, ಹಾಗಂತ ಅವರಿಗೂ ಹೇಳಿದೆ. ಅವರ ಕೋಪಕ್ಕೆ ಕಾರಣ ಇದೆ ಅಂತ ಯಾರಾದರೂ ಒಪ್ಪಿಕೊಂಡರೆ ಮುಂದಿನ ಮಾತು ಸಲೀಸಾಗುತ್ತದೆ.

ಆಮೇಲೆ ಕೇಳಿದೆ: ‘ನಿಮಗೆ ವಕೀಲಿಕೆ ಬೇಕಾ, ಡಿಗ್ರಿ ಬೇಕಾ, ಸಂಬಳ ಬೇಕಾ?’

‘ಸಂಬಳ’ ಅಂದರು ಹೆಂಡತಿ.

‘ಮೂರೂ’ ಅಂದರು ಇವರು. ಮೊದಲ ಸಲ ನಕ್ಕರು.

ಲಾ ಓದುವ ಆಸೆ ಸುಮ್ನೆ ಹುಟ್ಟಿದ್ದಲ್ಲ. ಊರಲ್ಲಿ ಜಮೀನಿನ ಕೇಸು. ರಜೆಗೆ ಬಂದಾಗೆಲ್ಲ ತಾಲ್ಲೂಕು ಕೋರ್ಟಿನ ಜಗಲಿಯಲ್ಲಿ ಕೂತು, ‘ಮುಂದಿನ ತಾರೀಖು’ ಅಂತ ಕೇಳಿಸಿಕೊಂಡು ವಾಪಸ್ ಹೋದವರು. ಜೊತೆಗೆ ಅಪಾರ್ಟ್‌ಮೆಂಟಿನಲ್ಲಿ ‘ಏನು ಓದಿದೀರಿ’ ಅನ್ನುವ ಪ್ರಶ್ನೆ. ಎರಡೂ ಸೇರಿಕೊಂಡಿದ್ದವು.

ಕೊಟ್ಟ ಸಲಹೆ ಇದು. ಮೊದಲು, ಆ ಸರ್ಟಿಫಿಕೇಟು ಎಲ್ಲಿ ನಡೆಯುತ್ತದೋ ಅಲ್ಲಿ ಬಳಸಿ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಯಲ್ಲಿ ಮಾಜಿ ಸೈನಿಕರಿಗೆ 14.5% ಮೀಸಲಾತಿ ಇದೆ. ಯುದ್ಧದಲ್ಲಿ ಗಾಯಗೊಂಡವರ ಮತ್ತು ಮಡಿದವರ ಕುಟುಂಬದವರ ಪಾಲೂ ಅದರಲ್ಲೇ ಸೇರಿದೆ. ಈ ಹುದ್ದೆಗಳಿಗೆ ಐಬಿಪಿಎಸ್ ಸಂಸ್ಥೆ ನಡೆಸುವ ಪರೀಕ್ಷೆಗೆ 15 ವರ್ಷ ಸೇವೆಯ ಹತ್ತನೇ ಪಾಸಾದ ಮಾಜಿ ಸೈನಿಕರು ಅರ್ಜಿ ಹಾಕಬಹುದು. ವಯಸ್ಸಿನ ಮಿತಿಗೆ ಸೇವೆಯ ವರ್ಷಗಳ ಜೊತೆ ಇನ್ನೂ ಮೂರು ಸೇರಿಸುತ್ತಾರೆ, 50 ದಾಟಬಾರದು ಅಷ್ಟೆ. ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಆದರೆ ಬ್ಯಾಂಕಿನ ಪಿಒ (ಪ್ರೊಬೇಷನರಿ ಆಫೀಸರ್) ಹುದ್ದೆಗೆ ಈ ಹಾಳೆ ನಡೆಯುವುದಿಲ್ಲ, ಅಲ್ಲಿ ನಿಜವಾದ ಡಿಗ್ರಿಯೇ ಬೇಕು.

ಎರಡನೆಯದು, ಪಿಯುಸಿ. ಇದನ್ನು ಬಿಟ್ಟು ಹಾರಬೇಡಿ ಅಂತ ಒತ್ತಿ ಹೇಳಿದೆ. ಪಿಯುಸಿ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಡಿಗ್ರಿ ಪಡೆದವರನ್ನು ಲಾಗೆ ಸೇರಿಸುವ ಹಾಗಿಲ್ಲ ಅಂತ ಬಾರ್ ಕೌನ್ಸಿಲಿನ 2008ರ ನಿಯಮ ಹೇಳುತ್ತದೆ. ಹತ್ತು, ಹನ್ನೆರಡು, ಡಿಗ್ರಿ ಎಂಬ ಕ್ರಮದಲ್ಲೇ ಹೋಗಿದ್ದರೆ ದೂರಶಿಕ್ಷಣವಾದರೂ ತೊಂದರೆ ಇಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನಲ್ಲಿ 12ನೇ ತರಗತಿ ಕಟ್ಟಬಹುದು. ಹಿಂದಿ ಮಾಧ್ಯಮವೂ ಇದೆ, 20 ವರ್ಷ ಸೇನೆಯಲ್ಲಿದ್ದವರಿಗೆ ಅದು ಹೊಸ ಭಾಷೆ ಏನಲ್ಲ. ಆದರೆ ಅಲ್ಲಿ ಪಾಸಾಗಲು 33% ಸಾಕು ಅಂತ ಅಷ್ಟಕ್ಕೇ ನಿಲ್ಲಬಾರದು. ಲಾಗೆ ಸೇರಲು ಸಾಮಾನ್ಯ ವರ್ಗದವರಿಗೆ 45%, ಹಿಂದುಳಿದ ವರ್ಗಕ್ಕೆ 42%, ಪರಿಶಿಷ್ಟರಿಗೆ 40% ಬೇಕು.

ಲಾ ಬಗ್ಗೆ ನಾನು ಸಿಹಿಮಾತು ಹೇಳಲಿಲ್ಲ. ಪಿಯುಸಿ ಆದಮೇಲೆ ಐದು ವರ್ಷದ ಕೋರ್ಸ್, ಇಲ್ಲವೇ ಡಿಗ್ರಿ ಮುಗಿಸಿ ಮೂರು ವರ್ಷದ್ದು. ಎರಡರಲ್ಲೂ ಮುಗಿಯುವ ಹೊತ್ತಿಗೆ 45 ದಾಟುತ್ತದೆ. ಮನೆಯಲ್ಲಿ ಕೂತು ಓದುವ ಎಲ್‌ಎಲ್‌ಬಿ ಇಲ್ಲ, ಪ್ರತಿ ವಿಷಯಕ್ಕೂ 70% ಹಾಜರಿ ಬೇಕು. ಬ್ಯಾಂಕ್ ಕೆಲಸ ಸಿಕ್ಕರೆ ಕಾಲೇಜಿಗೆ ಹೋಗುವುದು ಕಷ್ಟ. ಜಮೀನಿನ ಕೇಸಿಗಂತೂ ಒಳ್ಳೆಯ ವಕೀಲರನ್ನು ಹಿಡಿಯುವುದೇ ಅಗ್ಗ. ಇದಕ್ಕೆ ಹೆಂಡತಿ ಜೋರಾಗಿ ತಲೆಯಾಡಿಸಿದರು.

ಸೀಟು ಕೊಡಿಸುವವರಿಗೆ ಒಂದೇ ಮಾತು ಕೇಳಲು ಹೇಳಿದೆ: ‘ಈ ಸರ್ಟಿಫಿಕೇಟಿನ ಮೇಲೆ ಅಡ್ಮಿಷನ್ ಆಗುತ್ತೆ ಅಂತ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆಸಿಕೊಡಿ, ದುಡ್ಡು ಆಮೇಲೆ.’ ಆ ಕಡೆಯಿಂದ ಮತ್ತೆ ಫೋನೇ ಬರಲಿಲ್ಲವಂತೆ.

ಹೊರಡುವ ಮುಂಚೆ ಹವಾಲ್ದಾರರ ಅಕ್ಕನ ಮಗನ ವಿಷಯ ಬಂತು. ಅವನು ಅಗ್ನಿವೀರ. ನಾಲ್ಕು ವರ್ಷ ಮುಗಿದ ಮೇಲೆ ಅವರಲ್ಲಿ ಹೆಚ್ಚೆಂದರೆ 25% ಜನರನ್ನು ಸೇನೆಯಲ್ಲಿ ಉಳಿಸಿಕೊಳ್ಳುತ್ತಾರೆ. ಹುಡುಗ ಇಗ್ನೊಗೆ ಹೆಸರು ಕೊಟ್ಟಿದ್ದಾನೋ ಇಲ್ಲವೋ ಮಾವನಿಗೆ ಗೊತ್ತಿರಲಿಲ್ಲ. ಇವತ್ತೇ ಕೇಳಿ ಅಂದೆ. ತರಬೇತಿಯ ಅರ್ಧ ತಾನಾಗಿ ಸಿಗಬಹುದು, ಉಳಿದರ್ಧದ ಅಸೈನ್‌ಮೆಂಟು, ಪರೀಕ್ಷೆ ಅವನೇ ಬರೆಯಬೇಕು. ಯೂನಿಟ್ ಬಿಡುವ ಮುಂಚೆ ಕೌಶಲ ಸರ್ಟಿಫಿಕೇಟು ಕೈಗೆ ಬಂದಿರಬೇಕು, ಕ್ರೆಡಿಟ್ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ ಕ್ರೆಡಿಟ್ ಜಮಾ ಆಗಿದೆಯಾ ನೋಡಿಕೊಳ್ಳಬೇಕು. ಹೊರಗೆ ಬಂದಮೇಲೆ ಕಾಗದಕ್ಕಾಗಿ ಅಲೆಯುವುದು ಎಷ್ಟು ಕಷ್ಟ ಅಂತ ಹವಾಲ್ದಾರರಿಗೆ ನಾನು ಹೇಳಬೇಕಾಗಿರಲಿಲ್ಲ.

ಈಗ ಅವರು ಎನ್‌ಐಒಎಸ್‌ಗೆ ಹೆಸರು ನೋಂದಾಯಿಸಿದ್ದಾರೆ. ರಾತ್ರಿ ಪಾಳಿಯಲ್ಲಿ ಕ್ಲರ್ಕ್ ಪರೀಕ್ಷೆಯ ಲೆಕ್ಕ ಮಾಡುತ್ತಾರೆ. ಲಾ ವಿಷಯವನ್ನು 12ನೇ ತರಗತಿಯ ಫಲಿತಾಂಶ ಬಂದಮೇಲೆ ಮಾತಾಡೋಣ ಅಂತ ಒಪ್ಪಿಕೊಂಡಿದ್ದಾರೆ.