ಹಣ ಹುಟ್ಟಿದ್ದು ಹೇಗೆ? ಅದರಿಂದ ಆರ್ಥಿಕತೆಗೆ ಏನು ಉಪಯೋಗ?

ಮೊದಲು ಜನ ವಸ್ತು ಕೊಟ್ಟು ವಸ್ತು ಪಡೆಯುತ್ತಿದ್ದರು, ಅದು ಕಷ್ಟವಾದಾಗ ಹಣ ಬಂತು ಅಂತ ನಾವೆಲ್ಲ ಓದಿದ್ದೇವೆ ಅಲ್ವಾ? ಕತೆ ಚೆನ್ನಾಗಿದೆ. ಆದರೆ ಬರೀ ವಸ್ತು ವಿನಿಮಯದಿಂದಲೇ ನಡೆದ ಸಮಾಜ ಮಾನವಶಾಸ್ತ್ರಜ್ಞರಿಗೆ ಎಲ್ಲೂ ಸಿಕ್ಕಿಲ್ಲ. ಗುರುತಿನವರ ನಡುವೆ ಜಾಸ್ತಿ ನಡೆಯುತ್ತಿದ್ದದ್ದು ಕೊಡು-ಕೊಳ್ಳುವಿಕೆ ಮತ್ತು ಸಾಲ. ಈಗ ತಗೋ, ಆಮೇಲೆ ಕೊಡು, ಅಷ್ಟೇ.

ಇಂದಿನ ಇರಾಕ್ ಭಾಗದಲ್ಲಿದ್ದ ಪ್ರಾಚೀನ ಮೆಸೊಪೊಟೇಮಿಯಾದವರು ಇಂಥ ಸಾಲಗಳನ್ನು ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟರು. ಲೆಕ್ಕ ಇಡುತ್ತಿದ್ದದ್ದು ಬಾರ್ಲಿ ಮತ್ತು ಬೆಳ್ಳಿಯ ತೂಕದಲ್ಲಿ. ಅಂದರೆ ನಾಣ್ಯಕ್ಕಿಂತ ಲೆಕ್ಕವೇ ಹಳೆಯದು! ನಾಣ್ಯ ಬಂದದ್ದು ಎಷ್ಟೋ ಕಾಲದ ನಂತರ. ಕ್ರಿ.ಪೂ. 7ನೇ ಶತಮಾನದ ಸುಮಾರಿಗೆ, ಇಂದಿನ ಟರ್ಕಿಯಲ್ಲಿದ್ದ ಲಿಡಿಯಾ ರಾಜ್ಯದಲ್ಲಿ ಚಿನ್ನ-ಬೆಳ್ಳಿ ಬೆರೆತ ಲೋಹದ ತುಂಡುಗಳಿಗೆ ಮುದ್ರೆ ಒತ್ತಿದರು. 11ನೇ ಶತಮಾನದಲ್ಲಿ ಚೀನಾ ಸರ್ಕಾರ ಕಾಗದದ ಹಣ ತಂದಿತು. 1971ರಲ್ಲಿ ಅಮೆರಿಕ ಡಾಲರಿಗೆ ಬದಲಾಗಿ ಚಿನ್ನ ಕೊಡುವುದನ್ನೂ ನಿಲ್ಲಿಸಿತು.

ಬೆಲೆ ಅಳೆಯುವುದು, ಕೂಡಿಡುವುದು, ಪಾವತಿ ಮಾಡುವುದು ಹಣದ ಕೆಲಸ ಅಂತ ಪಠ್ಯಪುಸ್ತಕ ಹೇಳುತ್ತದೆ. ನನಗೆ ಮುಖ್ಯ ಅನಿಸುವುದು ಬೇರೆ. ಹಣ ಇರುವುದರಿಂದ ಪರಿಚಯವೇ ಇಲ್ಲದವರ ಜೊತೆಗೂ ವ್ಯವಹಾರ ಮಾಡಬಹುದು. ಹಾಗಾಗಿ ಒಬ್ಬ ಒಂದೇ ಕೆಲಸ ಕಲಿತು ಬದುಕಬಲ್ಲ. ಚಪ್ಪಲಿ ಹೊಲಿಯುವವನು ಅಕ್ಕಿಯನ್ನೂ ತಾನೇ ಬೆಳೆಯಬೇಕಾಗಿಲ್ಲ.