ಸ್ಪೇನಿನ ಕಮಿನೊ ಯಾತ್ರೆಯ ದಾರಿಯನ್ನು ಹೆಣ್ಣುಮಗಳು ಒಬ್ಬಳೇ ನಡೆಯಬಹುದಾ?

ನಡೆಯಬಹುದು. ಒಬ್ಬರೇ ಹೋಗಿ ಅಂತಲೇ ನನ್ನ ಸಲಹೆ. ನಾನು ಬೆಳಗಾವಿ ಕ್ಯಾಂಪಿನವಳು, ಫಾತಿಮಾ ಚರ್ಚಿಗೆ ಹೋಗುವವಳು, ಈ ದಾರಿಯನ್ನು ಒಬ್ಬಳೇ ನಡೆದು ಬಂದಿದ್ದೇನೆ. ನೀವು ಬಾಗಲಕೋಟೆಯವರು, ಯುಗಾದಿ ಮುಂಚೆ ಊರವರ ಜೊತೆ ಶ್ರೀಶೈಲಕ್ಕೆ ನಡೆದಿದ್ದೀರಿ, ಆದರೆ ಒಬ್ಬರೇ ಎಲ್ಲೂ ನಡೆದಿಲ್ಲ, ಕ್ರೈಸ್ತರೂ ಅಲ್ಲ, ಅವ್ವ "ಒಬ್ಬಾಕಿನ ಹೋಗಬ್ಯಾಡ" ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ.

ಧರ್ಮದ ಪ್ರಶ್ನೆ ಮೊದಲು ಮುಗಿಸಿಬಿಡೋಣ. ಯಾರು ಬೇಕಾದರೂ ನಡೆಯಬಹುದು. ಯೇಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿ ಸ್ಯಾಂಟಿಯಾಗೊ ದೆ ಕಾಂಪೊಸ್ಟೆಲಾದ ದೊಡ್ಡ ಚರ್ಚಿನಲ್ಲಿದೆ ಅನ್ನುವ ನಂಬಿಕೆಯಿಂದ ಸಾವಿರ ವರ್ಷಕ್ಕೂ ಮೇಲೆ ಜನ ಅಲ್ಲಿಗೆ ನಡೆಯುತ್ತಿದ್ದಾರೆ, ಆ ಯಾತ್ರೆಯ ದಾರಿಯೇ ಕಮಿನೊ. ಕೊನೆಯಲ್ಲಿ ಯಾತ್ರಿಕರ ಕಚೇರಿಯಲ್ಲಿ ಯಾಕೆ ನಡೆದಿರಿ ಅಂತ ಕೇಳುತ್ತಾರೆ. ದೇವರಿಗಾಗಿ, ಆತ್ಮಕ್ಕಾಗಿ ಅಂದರೆ ಲ್ಯಾಟಿನ್ ಭಾಷೆಯ ಪ್ರಮಾಣಪತ್ರ. ಬೇರೆ ಕಾರಣಕ್ಕೆ ಅಂದರೆ ಬೇರೆ ಪತ್ರ, ಅಷ್ಟೇ. ಅದಕ್ಕೆ ಕೊನೆಯ 100 ಕಿ.ಮೀ. ಆದರೂ ನಡೆದಿರಬೇಕು, ದಾರಿಯುದ್ದಕ್ಕೂ ಚರ್ಚು, ಛತ್ರ, ಹೋಟೆಲುಗಳಲ್ಲಿ ಕ್ರೆಡೆನ್ಶಿಯಲ್ ಅನ್ನುವ ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡಿರಬೇಕು. ಆ ಪುಸ್ತಕ ಇಲ್ಲದಿದ್ದರೆ ಯಾತ್ರಿಕರ ಛತ್ರದಲ್ಲಿ ಮಲಗಲು ಬಿಡುವುದಿಲ್ಲ, ಜೋಪಾನ.

ಈಗ ಒಬ್ಬರೇ ಅನ್ನುವ ಮಾತು. ಫ್ರಾನ್ಸಿನ ಸೇಂಟ್ ಜಾನ್ ಪಿಯೆ ದೆ ಪೋರ್ಟಿನಿಂದ ಹೊರಡುವ, ಕಮಿನೊದ ಫ್ರೆಂಚ್ ದಾರಿ ಸುಮಾರು 780 ಕಿ.ಮೀ. ಸೀಸನ್ನಿನಲ್ಲಿ ಆ ದಾರಿಯಲ್ಲಿ ಜನ ಇಲ್ಲದ ಹೊತ್ತು ಕಡಿಮೆ. ಮೊದಲ ದಿನವೇ ನಾಲ್ಕು ಜನರ ಪರಿಚಯ ಆಗುತ್ತದೆ, ಒಟ್ಟಿಗೆ ಊಟ, ಒಟ್ಟಿಗೆ ಹೊರಡೋಣ ಅನ್ನುತ್ತಾರೆ. ಒಂಟಿತನಕ್ಕಿಂತ ನೀವು ಎಚ್ಚರ ಇರಬೇಕಾದ್ದು ಇಲ್ಲಿ. ಶ್ರೀಶೈಲದ ಪಾದಯಾತ್ರೆಯಲ್ಲಿ ಗುಂಪು ನಡೆದಂತೆ ನಡೆದಿದ್ದೀರಿ, ಹೊತ್ತು ನಡೆಯುವ ಮಲ್ಲಯ್ಯನ ಕಂಬಿ ಎದ್ದಾಗ ಎದ್ದಿದ್ದೀರಿ, ದಾಸೋಹ ಇದ್ದಲ್ಲಿ ಉಂಡಿದ್ದೀರಿ. ಅಲ್ಲಿ ಅದೇ ಸರಿ, ಗುಂಪೇ ಹೊತ್ತುಕೊಂಡು ಹೋಗುತ್ತದೆ. ಇಲ್ಲಿ ಬೆನ್ನ ಮೇಲಿನ ಚೀಲ ನಿಮ್ಮದು, ಮಂಡಿ ನಿಮ್ಮದು. ಆರಡಿ ಉದ್ದದ ಜರ್ಮನ್ ಹುಡುಗನ ಹೆಜ್ಜೆಗೆ ಹೆಜ್ಜೆ ಹಾಕಿ ಮೂರು ದಿನದಲ್ಲಿ ಕಾಲು ಊದಿಸಿಕೊಂಡು ಬಸ್ ಹತ್ತಿದವರನ್ನು ನಾನು ನೋಡಿದ್ದೇನೆ, ಪಾಪ, ಅವರಲ್ಲಿ ಗಟ್ಟಿಮುಟ್ಟಾದವರೇ ಜಾಸ್ತಿ. ನನ್ನ ಜೊತೆ ಬರುತ್ತಿದ್ದವರಿಗೆ ಲೊಗ್ರೊಂಯೊ ಊರಿನಲ್ಲಿ "ನೀವು ಮುಂದೆ ನಡೀರಿ, ನಾನು ನಿಧಾನ ಬರ್ತೀನಿ" ಅಂದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಸಂಜೆ ಛತ್ರದಲ್ಲಿ ಹೇಗೂ ಯಾರಾದರೂ ಸಿಗುತ್ತಾರೆ.

ಮೊದಲ ದಿನ ರೊಂಸೆಸ್‌ವಾಯೆಸ್‌ವರೆಗೆ ಸುಮಾರು 25 ಕಿ.ಮೀ., ಪಿರನೀಸ್ ಪರ್ವತ ಹತ್ತಿ ಇಳಿಯಬೇಕು, 1,400 ಮೀಟರ್ ದಾಟುತ್ತದೆ. ಅದನ್ನು ಎರಡು ದಿನ ಮಾಡಿ. ಎಂಟು ಕಿ.ಮೀ. ಹತ್ತಿದ ಮೇಲೆ ಒರಿಸನ್ ಅನ್ನುವಲ್ಲಿ ತಂಗಲು ಜಾಗ ಇದೆ, ಮೊದಲೇ ಬುಕ್ ಮಾಡಿ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಈ ಬೆಟ್ಟದ ಮೇಲಿನ ದಾರಿ ಬಂದ್, ಕಣಿವೆಯ ದಾರಿ ಹಿಡಿಯಬೇಕು. ಸುಮ್ನೆ ಧೈರ್ಯ ತೋರಿಸಲು ಹೋಗಬೇಡಿ.

ಬುರ್ಗೋಸ್ ದಾಟಿದ ಮೇಲೆ ಮೆಸೆಟಾ ಬಯಲು ಶುರು, ಲಿಯೋನ್‌ವರೆಗೆ. ಸಿಂದಗಿ ಕಡೆಯ ಎರೆ ಹೊಲದ ಹಾಗೆ, ಗಿಡದ ನೆರಳಿಲ್ಲ, ಕಣ್ಣು ಹಾಯಿಸಿದಷ್ಟೂ ಗೋಧಿ. ಬೋರು ಅಂತ ಎಷ್ಟೋ ಜನ ಬಸ್ಸಿನಲ್ಲಿ ದಾಟಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ, ದಯವಿಟ್ಟು. ಒಬ್ಬರೇ ಬಂದಿದ್ದಕ್ಕೆ ಬೆಲೆ ಸಿಗುವುದು ಅಲ್ಲೇ. ನಾನು ಜಪಮಾಲೆ ಹೇಳುತ್ತಾ ನಡೆದೆ, ಹೇಳಿ ಮುಗಿದ ಮೇಲೂ ದಾರಿ ಹಾಗೇ ಇರುತ್ತಿತ್ತು, ಆಮೇಲೆ ತೀರಿಹೋದ ಅಪ್ಪನ ಜೊತೆ ಜೋರಾಗಿಯೇ ಮಾತಾಡಿದೆ, ಕೇಳುವವರು ಯಾರೂ ಇರಲಿಲ್ಲ. ಮನೆಯಲ್ಲಿ ಅಷ್ಟು ಹೊತ್ತು ನಮ್ಮನ್ನು ಯಾರು ಬಿಡ್ತಾರೆ, ಅಲ್ವಾ? ನೀರು ಮಾತ್ರ ಲೆಕ್ಕ ಇಟ್ಟು ಒಯ್ಯಿರಿ. ಕಾರಿಯೋನ್ ದೆ ಲೊಸ್ ಕೊಂದೆಸ್ ಬಿಟ್ಟ ಮೇಲೆ 17 ಕಿ.ಮೀ. ಊರೇ ಇಲ್ಲ.

ಭಯದ ವಿಷಯ ಮುಚ್ಚಿಡುವುದಿಲ್ಲ. 2015ರಲ್ಲಿ ಈ ದಾರಿಯ ಅಸ್ತೋರ್ಗಾ ಊರಿನ ಹತ್ತಿರ ಒಬ್ಬರೇ ನಡೆಯುತ್ತಿದ್ದ ಅಮೆರಿಕದ ಮಹಿಳೆಯ ಕೊಲೆ ಆಯಿತು. ನಿರ್ಜನ ಜಾಗದಲ್ಲಿ ಹೆಂಗಸರಿಗೆ ಕಿರುಕುಳ ಕೊಟ್ಟ ಸುದ್ದಿಗಳೂ ಬಂದಿವೆ. ಹೀಗಾಗಿ ಬೆಳಕು ಹರಿಯುವ ಮುಂಚೆ ಒಬ್ಬರೇ ಹೊರಡಬೇಡಿ, ಕತ್ತಲಲ್ಲಿ ದಾರಿ ತೋರಿಸುವ ಹಳದಿ ಬಾಣದ ಗುರುತೂ ಕಾಣುವುದಿಲ್ಲ. ಗುರುತು ದಾರಿ ಬಿಟ್ಟು ಒಯ್ಯುತ್ತಿದೆ ಅನ್ನಿಸಿದರೆ, ಯಾರಾದರೂ ಕಸಿವಿಸಿ ಮಾಡಿದರೆ, ಹಿಂದೆ ಬರುವವರು ಬರುವವರೆಗೆ ನಿಂತುಬಿಡಿ. ಸಹಾಯಕ್ಕೆ 112. ಸ್ಪೇನ್ ಸರ್ಕಾರದ ಅಲರ್ಟ್‌ಕಾಪ್ಸ್ ಅನ್ನುವ ಆ್ಯಪ್ ಇದೆ, ಅದರಿಂದ ನೇರ ಪೊಲೀಸರಿಗೆ ತಿಳಿಸಬಹುದು. ಅದನ್ನು ಹೊರಡುವ ಮುಂಚೆ ಫೋನಿಗೆ ಹಾಕಿಕೊಳ್ಳಿ. ಅವ್ವನಿಗೆ ಇದನ್ನೆಲ್ಲ ತೋರಿಸಿ, ಪ್ರತಿ ಸಂಜೆ ಊರಿನ ಹೆಸರು, ಛತ್ರದ ಹೆಸರು ಕಳಿಸುತ್ತೇನೆ ಅಂತ ಮಾತು ಕೊಡಿ, ಕೊಟ್ಟ ಮೇಲೆ ತಪ್ಪಬೇಡಿ. ಅಷ್ಟು ದೂರ ಇರುವ ತಾಯಿಗೆ ಅದು ದೊಡ್ಡದು.

ಊಟ: ಮೊಟ್ಟೆ ತಿಂತೀರಾದರೆ ಚಿಂತೆ ಇಲ್ಲ, ಆಲೂಗಡ್ಡೆ ಆಮ್ಲೆಟ್ಟು ಎಲ್ಲಾ ಕಡೆ ಸಿಗುತ್ತದೆ. ತಿನ್ನದಿದ್ದರೆ ಬ್ರೆಡ್ಡು, ಚೀಸು, ಹಣ್ಣು, ಮತ್ತೆ ಅಡುಗೆಮನೆ ಇರುವ ಛತ್ರದಲ್ಲಿ ನೀವೇ ಮಾಡಿಕೊಳ್ಳಿ. ಬೇಳೆ ಸೂಪಿನಲ್ಲಿ ಮಾಂಸ ಇರಬಹುದು, ಕೇಳಿ. ಶೇಂಗಾ ಚಟ್ನಿ, ಅಗಸಿ ಹಿಂಡಿ ಒಂದಿಷ್ಟು ಒಯ್ಯಿರಿ, ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಗ್ರಾನ್ಯೋನ್ ಊರಿನ ಚರ್ಚಿನಲ್ಲಿ ತಂಗಿ. ನೆಲದ ಮೇಲೆ ಹಾಸಿಗೆ, ಎಲ್ಲರೂ ಕೂತು ಊಟ, ನಿಗದಿ ಹಣ ಇಲ್ಲ, ಕೈಲಾದಷ್ಟು ಪೆಟ್ಟಿಗೆಗೆ ಹಾಕಿ.

ಚೀಲ ನಿಮ್ಮ ತೂಕದ ಹತ್ತರಲ್ಲಿ ಒಂದು ಭಾಗ ಮೀರಬಾರದು. ಶೂ ಒಂದು ಸೈಜು ದೊಡ್ಡದಿರಲಿ, ನಡೆದಂತೆ ಪಾದ ಊದುತ್ತದೆ. ಬೆಳಿಗ್ಗೆ ಬೆರಳಿಗೆ ವ್ಯಾಸಲೀನ್, ಮಧ್ಯಾಹ್ನ ಸಾಕ್ಸ್ ಬದಲು. ಅಭ್ಯಾಸಕ್ಕೆ ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಕಲ್ಲು ದಾರಿ ಇದೆಯಲ್ಲ, ತುಂಬಿದ ಚೀಲ ಹೊತ್ತು ಹೋಗಿ ಬನ್ನಿ, ಮರುದಿನ ಮತ್ತೆ ಹೋಗಿ. ನೋವು ಗೊತ್ತಾಗುವುದು ಎರಡನೇ ದಿನ.

ವರ್ಷದ ವಿಷಯ ಒಂದು ಉಳಿಯಿತು. ಸಂತ ಯಾಕೋಬನ ಹಬ್ಬ ಜುಲೈ 25, ಅದು ಭಾನುವಾರ ಬಿದ್ದರೆ ಆ ವರ್ಷ ಪವಿತ್ರ ವರ್ಷ. 2027 ಹಾಗೆ ಬರುತ್ತದೆ, ಆಗ ಗದ್ದಲ ಜಾಸ್ತಿ. ನಿಮಗೆ ಶಾಂತವಾಗಿ ನಡೆಯುವ ಆಸೆ ಅಂದಿದ್ದೀರಿ, ಆ ವರ್ಷ ಬಿಟ್ಟು ಬೇರೆ ವರ್ಷದ ಸೆಪ್ಟೆಂಬರ್ ನೋಡಿ. ಸ್ಪೇನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋವರೆಗೆ ಚಿಕಿತ್ಸೆ ಖರ್ಚು ಕೊಡುವ ಪ್ರಯಾಣ ವಿಮೆ ಬೇಕೇ ಬೇಕು. ಮೇ ತಿಂಗಳಲ್ಲೇ ಕಾಗದಪತ್ರ ಶುರು ಮಾಡಿ. ಖರ್ಚಿನ ಲೆಕ್ಕ ಬೇಕಾದರೆ ಕೇಳಿ, ನನ್ನ ಪಟ್ಟಿ ಇನ್ನೂ ಇದೆ, ಕಳಿಸುತ್ತೇನೆ.